ನೀವು ಕುಳಿತ ಒಂದು ಫೋಟೋ

ಬನಹಟ್ಟಿ
ತಾ. ೨೧-೧-೨೦೨೫, ಮಂಗಳವಾರ

ಸ್ನೇಹಾಳ ಪಪ್ಪ ಅವರಿಗೆ,

ಶೇವಂತಿಯ ನಮಸ್ಕಾರ. ಮೊದಲು ನಿಮ್ಮ ಕೆಮ್ಮಿನ ಸುದ್ದಿ ತಿಳಿಸಿ. ಹೋದ ಪತ್ರದಲ್ಲಿ ‘ಸ್ವಲ್ಪ ಕೆಮ್ಮಿದೆ’ ಎಂದು ಒಂದು ಸಾಲು ಬರೆದು, ಅದರ ಕೆಳಗೆ ಎರಡು ಹಾಳೆ ತುಂಬ ದ್ವೀಪದ ಹದ್ದಿನ ಸಂಗತಿಯನ್ನೇ ಬರೆದಿದ್ದೀರಿ. ಹದ್ದು ಗಟ್ಟಿಮುಟ್ಟಾಗಿದೆ ಎಂದು ತಿಳಿಯಿತು, ಸಂತೋಷ. ಕೆಮ್ಮು ಒಣದೋ ಕಫದ್ದೋ, ಮಲಗಿದಾಗ ಹೆಚ್ಚೋ ಎದ್ದಾಗ ಹೆಚ್ಚೋ, ಅದು ಮಾತ್ರ ತಿಳಿಯಲಿಲ್ಲ. ಸಮುದ್ರದ ಗಾಳಿ ನಮ್ಮ ಮೈಗೆ ಹೊಸದು. ತಲೆಗೆ ಟವೆಲ್ ಸುತ್ತಿಕೊಂಡೇ ಕೂಡಿ, ಯಾರಾದರೂ ನಕ್ಕರೆ ನಗಲಿ. ನಾನು ಕಟ್ಟಿಕೊಟ್ಟ ಖಡಕ್ ರೊಟ್ಟಿ ಅಲ್ಲಿಯ ಹವೆಗೆ ಮೆತ್ತಗಾಗಿ ಬೂಷ್ಟು ಹಿಡಿದಿರಬೇಕು. ಹಿಡಿದಿದ್ದರೆ ಒರೆಸಿಕೊಂಡು ತಿನ್ನಬೇಡಿ, ಮೀನಿಗೆ ಹಾಕಿ. ನೀವು ಒರೆಸಿಕೊಂಡು ತಿನ್ನುವವರು ಎಂದು ಗೊತ್ತಿರುವುದಕ್ಕೇ ಬರೆದೆ. ಇನ್ನೊಂದು ಮಾತು. ಬಂಡೆಗೆ ತೆರೆ ಬಡಿದು ಬಿಳಿ ನೊರೆ ಮೇಲೆದ್ದ ಫೋಟೋ ಒಂದಿದೆಯಲ್ಲ, ಅದರಲ್ಲಿ ನೀರಿನ ಹನಿ ಕ್ಯಾಮೆರಾದ ಗಾಜಿನ ಮೇಲೆಯೇ ಕೂತಿದೆ. ಹಾಗಾದರೆ ಆಗ ನಿಮ್ಮ ಕಾಲು ಎಲ್ಲಿದ್ದವು? ನಾನು ಆ ಫೋಟೋ ನೋಡಿದಾಗಲೆಲ್ಲ ಕಾಲಿನದೇ ವಿಚಾರ ಮಾಡುತ್ತೇನೆ. ಈಜು ಬಾರದವರು ಪಾಚಿಗಲ್ಲಿನ ಮೇಲೆ ನಿಲ್ಲಬಾರದು.

ಫೋನು ಹತ್ತದ ಜಾಗಕ್ಕೆ ಹೋಗಿ ಕೂತಿದ್ದೀರಿ. ಇಷ್ಟು ವರ್ಷದ ಸಂಸಾರದಲ್ಲಿ ನಿಮಗೆ ಪತ್ರ ಬರೆಯುವ ಪ್ರಸಂಗ ಬಂದಿರಲಿಲ್ಲ. ತುಕಾರಾಮಣ್ಣನ ಲಾರಿ ಸಂಜೆಗೆ ಮಹಾಲಿಂಗಪುರದ ಬೆಲ್ಲ ತುಂಬಿಕೊಂಡು ಭಟ್ಕಳದ ಕಡೆ ಹೊರಡುತ್ತದೆ. ಬಂದರಿನಲ್ಲಿ ದೋಣಿಯವರ ಕೈಗೆ ಕೊಡುತ್ತೇನೆ ಎಂದಿದ್ದಾನೆ. ನಿಮ್ಮ ದ್ವೀಪಕ್ಕೆ ಕುಡಿಯುವ ನೀರು, ಅಕ್ಕಿ ಬರುವ ದಿನ ಇದೂ ಬರುತ್ತದೆ. ತೊಯ್ಯಬಾರದು ಎಂದು ಸೀರೆಯ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮೇಲೆ ಇನ್ನೊಂದು ಸುತ್ತು ಹಾಕುತ್ತೇನೆ. ಆದರೂ ತೊಯ್ದರೆ ಏನು ಮಾಡುವುದು ಎಂಬ ಚಿಂತೆ ಇದೆ. ಅಕ್ಷರ ನೋಡಿ ನಗಬೇಡಿ. ಏಳನೆಯ ಇಯತ್ತೆ ಅರ್ಧಕ್ಕೆ ಬಿಟ್ಟು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಲು ಕೂತವಳು ನಾನು. ‘ಮಮ್ಮಿ, ಕೊಡಬೇ ಇಲ್ಲಿ, ತಪ್ಪು ತಿದ್ದತೇನಿ’ ಎಂದು ಸ್ನೇಹಾ ಎರಡು ಸಲ ಬಂದಳು. ಕೊಡಲಿಲ್ಲ. ಇದರಲ್ಲಿ ಅವಳು ಓದಬಾರದ ಮಾತು ಇದೆ. ಅದು ಕೊನೆಗೆ.

ಸ್ಟುಡಿಯೋ ನಡೆದಿದೆ. ನಡೆದಿದೆ ಅಂದರೆ ನಾನು ನಡೆಸಿದ್ದೇನೆ. ಮದುವೆಯ ಆಲ್ಬಮ್‌ಗಳು ಒಂದರ ಮೇಲೊಂದು ಕೂತಿವೆ. ಚಿಮ್ಮಡದವರೊಬ್ಬರು ತೀರಿಹೋದ ಅಪ್ಪನನ್ನು ಮಗಳ ಮದುವೆಯ ಅಕ್ಕಿಕಾಳಿನ ಫೋಟೋದಲ್ಲಿ ನಿಲ್ಲಿಸಿಕೊಡಿ ಎಂದು ಬಂದರು. ಆಧಾರ್ ಕಾರ್ಡಿನ ಮುಖ ಬಿಟ್ಟರೆ ಆ ಮನುಷ್ಯನ ಬೇರೆ ಚಿತ್ರವೇ ಇಲ್ಲ. ಇನ್ನೊಬ್ಬರ ಮೈಗೆ ಆ ಮುಖ ಕೂಡಿಸಿ, ತಲೆಗೆ ಪಟಗ ಸುತ್ತಿ, ಮಗಳ ಪಕ್ಕಕ್ಕೆ ನಿಲ್ಲಿಸಿದೆ. ಹರಿದ ಎಳೆಗೆ ಗಂಟು ಕಾಣದ ಹಾಗೆ ಗಂಟು ಹಾಕುವುದು ನನಗೆ ಸಣ್ಣವಳಿದ್ದಾಗಿನಿಂದ ಬರುತ್ತದೆ, ಇದೂ ಅದೇ. ಮಗಳು ನೋಡಿ ಅತ್ತಳು. ನನಗೆ ಮಾತ್ರ ಕಣ್ಣು ಉರಿ, ಸೊಂಟ ನೋವು. ಬಾಡಗಂಡಿಯ ಬಾಳಾಸಾಹೇಬರೂ ಮೊನ್ನೆ ಬಂದಿದ್ದರು. ನೆನಪಿದೆಯಲ್ಲ, ಅವರ ಅಣ್ಣನ ಮಗನ ಮದುವೆಗೆ ಮುಂಚಿನ ಫೋಟೋ ತೆಗೆಯಲು ಹಿಪ್ಪರಗಿಯ ಹಿನ್ನೀರಿಗೆ ಕರೆದುಕೊಂಡು ಹೋಗಿ, ಹುಡುಗ ಹುಡುಗಿಯನ್ನು ಮಬ್ಬು ಮಾಡಿ ಹಿಂದಿನ ಕೊಕ್ಕರೆಯನ್ನು ರೆಕ್ಕೆಯ ಗರಿ ಎಣಿಸುವಷ್ಟು ಸ್ಪಷ್ಟ ತೆಗೆದುಬಿಟ್ಟಿದ್ದಿರಿ. ಅವರು ಅದನ್ನು ಇನ್ನೂ ಮರೆತಿಲ್ಲ. ‘ಎಲ್ಲಿ ಹೋಗ್ಯಾರ್ರೀ ನಿಮ್ಮ ಯಜಮಾನರು? ನಮ್ಮ ಹುಡುಗನ ಲಗ್ನ ಕೊಕ್ಕರಿ ಜೋಡಿ ಮಾಡಿದರು, ಈಗ ಯಾವ ಹಕ್ಕಿಗೆ ವರ ಹುಡುಕಾಕ ಹೋಗ್ಯಾರು?’ ಎಂದು ಕಟ್ಟೆಯ ಮೇಲೆ ಕೂತು ನಕ್ಕರು. ನಾನೂ ನಕ್ಕೆ. ಆದರೆ ಆ ಕೊಕ್ಕರೆಯ ಫೋಟೋ ನೋಡಿಯೇ ತಾನೇ ಪುಸ್ತಕ ಮಾಡುವವರು ನಿಮ್ಮನ್ನು ಇಷ್ಟು ದೂರ ಕರೆಸಿದ್ದು! ಕರಾವಳಿಯ ಹಕ್ಕಿಗಳ ಪುಸ್ತಕದಲ್ಲಿ ಬನಹಟ್ಟಿಯ ಲಗ್ನದ ಫೋಟೋಗ್ರಾಫರನ ಹೆಸರು ಬರುತ್ತದೆ ಎಂದು ನಾನು ಅವರಿಗೆ ಹೇಳಿದೆ. ಹೇಳುವಾಗ ನನ್ನ ಕೊರಳು ಸ್ವಲ್ಪ ಸೆಟೆದಿರಬೇಕು.

ನೀವು ಕಳಿಸಿದ ಕ್ಯಾಮೆರಾದ ಕಾರ್ಡು ಸುರಕ್ಷಿತ ಮುಟ್ಟಿತು. ಎಲ್ಲ ಫೋಟೋ ಕಂಪ್ಯೂಟರಿಗೆ ಇಳಿಸಿ ಎರಡು ಕಡೆ ಇಟ್ಟಿದ್ದೇನೆ. ಕರೆಂಟು ಹೋಗಿ ಬಂದು ಮಾಡುತ್ತದೆ, ಅದಕ್ಕೆ ಪೆನ್‌ಡ್ರೈವಿನಲ್ಲಿ ಮೂರನೆಯದೂ ಇದೆ. ‘ಅವ್ವನಿಗೆ ಕೆಲವು ಪ್ರಿಂಟ್ ಹಾಕಿ ತೋರಿಸು’ ಎಂದು ಬರೆದಿದ್ದಿರಿ, ಹಾಕಿದೆ. ಅತ್ತೆಯವರು ಬಾಗಿಲ ಬೆಳಕಿಗೆ ಕೂತು ಒಂದೊಂದೇ ನೋಡಿದರು. ಅವರ ಕಣ್ಣು ಈಗ ಮೊದಲಿನಂತಿಲ್ಲ. ಇಡೀ ಚಿತ್ರ ಒಂದೇ ಸಲಕ್ಕೆ ಕಾಣುವುದಿಲ್ಲ. ಹಾಳೆಯನ್ನು ಮುಖದ ಮುಂದೆ ಅತ್ತ ಇತ್ತ ಸರಿಸುತ್ತ, ಬಾಗಿಲ ಸಂದಿಯಿಂದ ಓಣಿ ನೋಡಿದ ಹಾಗೆ ತುಣುಕು ತುಣುಕು ನೋಡುತ್ತಾರೆ. ಸಮುದ್ರ ನೋಡಿ ‘ಹಿಪ್ಪರಗಿ ಹಿನ್ನೀರಿಗಿಂತ ದೊಡ್ಡದೇನ?’ ಎಂದು ಕೇಳಿದರು. ಬಂಡೆಯ ಮೇಲೆ ಸಾಲಾಗಿ ಕೂತ ಬಿಳಿ ಹಕ್ಕಿಗಳನ್ನು ನೋಡಿ ‘ಪಂಕ್ತಿಗೆ ಕುಂತಾವು’ ಎಂದರು. ಪ್ರತಿ ಫೋಟೋಕ್ಕೂ ಒಂದೇ ಪ್ರಶ್ನೆ: ‘ಇದರಾಗ ಅವಾ ಎಲ್ಲಿ ಅದಾನ?’ ತೆಗೆದವರು ಅದರಲ್ಲಿ ಇರುವುದಿಲ್ಲ ಅತ್ತಿ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಕಡೆಗೆ ಒಂದರಲ್ಲಿ ಹುಡುಕಿಯೇ ಬಿಟ್ಟರು. ನೀವು ಕೆಟ್ಟಿದೆ ಎಂದು ಬದಿಗಿಟ್ಟ ಫೋಟೋ ಅದು. ಬಿಸಿಲು ಬೆನ್ನ ಹಿಂದಿನಿಂದ ಬಿದ್ದು, ಬಂಡೆಯ ಮೇಲೆ ನಿಮ್ಮ ಮತ್ತು ಸ್ಟ್ಯಾಂಡಿನ ನೆರಳು ಉದ್ದಕ್ಕೆ ಬಂದಿದೆ. ‘ಇದ ನೋಡು ನನ್ನ ಮಗಾ! ಒಂದು ಕಾಲ ಮ್ಯಾಲ ಭಾರಾ ಹಾಕಿ ಸೊಟ್ಟ ನಿಂತಾನ, ಸಣ್ಣಾಂವ ಇದ್ದಾಗಿಂದ ಹಿಂಗ’ ಎಂದರು. ಆ ಪ್ರಿಂಟು ಈಗ ಅವರ ದಿಂಬಿನ ಕೆಳಗೆ ಇದೆ.

ಸಂಕ್ರಾಂತಿಗೆ ಎಲ್ಲರೂ ಹೊಳೆಗೆ ಹೋಗಿ ಬಂದು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಉಂಡು ಕೂತಿದ್ದೆವು. ನಿಮ್ಮ ತಮ್ಮ ವೀರಣ್ಣ, ಕಾವೇರಿ, ಅವರ ಮಕ್ಕಳು, ನಾನು, ಸ್ನೇಹಾ. ಅತ್ತೆಯವರು ಇದ್ದಕ್ಕಿದ್ದ ಹಾಗೆ ಹೇಳಿದರು, ‘ಎಲ್ಲಾರೂ ಕೂಡಿ ಒಂದು ಫೋಟೋ ಹೊಡೀರಿ. ಕಣ್ಣಿದ್ದಾಗ ಒಂದ ಸಲ ಎಲ್ಲಾರನ್ನೂ ಕೂಡೇ ನೋಡಬೇಕು.’ ಹಬ್ಬದ ದಿನ ಮಗ್ಗ ನಿಂತಿದ್ದರಿಂದ ಮನೆ ಅಷ್ಟು ಶಾಂತವಿತ್ತು, ಆ ಮಾತು ಎಲ್ಲರಿಗೂ ಕೇಳಿತು. ನಾನು ಸ್ಟ್ಯಾಂಡು ತಂದೆ. ವೀರಣ್ಣ ಎಂದಿನಂತೆ ‘ವೈನಿ, ಅಣ್ಣಗ ಜಾಗಾ ಬಿಟ್ಟ ನಿಂದರಸ್ರಿ, ಆಮ್ಯಾಲ ಅಂಟಿಸಾಕ ಬೇಕು’ ಎಂದ. ಕಾವೇರಿ ಸುಮ್ಮನಿರುವವಳೇ, ‘ಅದ ನೀಲಿ ಅಂಗ್ಯಾಗ ಬರ್ತಾರಲ್ಲ ಭಾವಾರು? ಅವರಿಗೆ ಬ್ಯಾರೇ ಅಂಗಿನ ಇಲ್ಲೇನ ಅಕ್ಕಾ?’ ಎಂದಳು. ಎಲ್ಲರೂ ನಕ್ಕರು. ಅವಳು ಸುಳ್ಳು ಹೇಳಲಿಲ್ಲ. ಅವರ ಮನೆಯ ವಾಸ್ತುಶಾಂತಿಯಲ್ಲಿ, ಸ್ನೇಹಾಳಿಗೆ ಶಾಲೆಯಲ್ಲಿ ಬಹುಮಾನ ಬಂದಾಗ, ನನ್ನ ತಮ್ಮನ ಮದುವೆಯಲ್ಲಿ, ಗೋಡೆಯ ಮೇಲಿನ ಎಲ್ಲ ಫೋಟೋದಲ್ಲೂ ನೀವು ಅದೇ ನೀಲಿ ಅಂಗಿ, ಅದೇ ನಗು, ಅದೇ ಎಡಕ್ಕೆ ನೋಡುವ ನೋಟ. ಒಂದರಲ್ಲಂತೂ ಎಡಕ್ಕೆ ಯಾರೂ ಇಲ್ಲ, ಗೋಡೆ ಇದೆ. ಬೇರೆಯವರ ಲಗ್ನ ಇರುವ ದಿನವೇ ನಮ್ಮ ಮನೆಯ ಕಾರ್ಯವೂ ಬರುತ್ತದೆ. ಕ್ಯಾಮೆರಾದ ಚೀಲ ಹೆಗಲಿಗೆ ಹಾಕಿಕೊಂಡು ‘ಶೇವಂತಿ, ನನ್ನ ಆಮ್ಯಾಲ ಸೇರಿಸಿಬಿಡು’ ಎಂದು ಹೊರಡುತ್ತೀರಿ. ನಾನು ಸೇರಿಸುತ್ತೇನೆ.

ಈ ಸಲ ಅತ್ತೆಯವರು ಜಾಗ ಬಿಡಲು ಒಪ್ಪಲಿಲ್ಲ. ‘ನಿಂದರಸಬ್ಯಾಡ್ರಿ ಅವನ್ನ. ಊರೆಲ್ಲಾ ಲಗ್ನದಾಗ ನಿಂತ ನಿಂತ ದಣದಾನ. ಕುರ್ಚಿ ಹಾಕ್ರಿ’ ಎಂದರು. ಹಾಕಿದೆವು. ತಮ್ಮ ಬಲಕ್ಕೆ ಆ ಕುರ್ಚಿ, ಅದರ ತೋಳಿನ ಮೇಲೆ ತಮ್ಮ ಕೈ. ಟೈಮರ್ ಹಚ್ಚಿ ನಾನು ಓಡಿಬಂದು ನಿಂತೆ, ಫೋಟೋ ಬಿತ್ತು. ಎಲ್ಲರ ಕಣ್ಣೂ ತೆರೆದಿವೆ. ಚಲೋ ಬಂದಿದೆ.

ಆಮೇಲೆ ಕಂಪ್ಯೂಟರಿನ ಮುಂದೆ ಕೂತೆ. ನೀಲಿ ಅಂಗಿಯದು ನಿಂತ ಫೋಟೋ. ಕುರ್ಚಿಗೆ ಅದು ಬರುವುದಿಲ್ಲ. ಸರಿ, ಕುಳಿತದ್ದು ಒಂದು ಹುಡುಕೋಣ ಎಂದು ಇಷ್ಟು ವರ್ಷದ ಎಲ್ಲ ಫೋಲ್ಡರ್ ತೆಗೆದೆ. ಊರಿಗೆಲ್ಲ ಸಾಕಾಗುವಷ್ಟು ಜನ ನಮ್ಮ ಕಂಪ್ಯೂಟರಿನಲ್ಲಿ ಕುಳಿತಿದ್ದಾರೆ. ಊಟಕ್ಕೆ ಕುಳಿತವರು, ಅರಿಷಿಣ ಹಚ್ಚಿಕೊಳ್ಳಲು ಕುಳಿತವರು, ಮುನಿದು ರುಸಿ ಮಾಡಿಕೊಂಡು ಮೂಲೆಯಲ್ಲಿ ಕುಳಿತ ಬೀಗರು. ನೀವು ಕುಳಿತ ಫೋಟೋ ಒಂದೂ ಸಿಗಲಿಲ್ಲ. ನಮ್ಮ ಮದುವೆಯದರಲ್ಲಿ ಕೂತಿರಬೇಕು ಎಂದು ಟ್ರಂಕಿನಿಂದ ಹಳೆಯ ಆಲ್ಬಮ್ ತೆಗೆದರೆ, ಅದರಲ್ಲಿ ನಿಮ್ಮ ಮುಖಕ್ಕೆ ಬಾಸಿಂಗ ಅಡ್ಡ ಇದೆ. ಬೇರೆಯವರ ಮೈ ತಂದು ನಿಮ್ಮ ತಲೆ ಇಡಬಹುದಿತ್ತು, ಚಿಮ್ಮಡದ ಅಪ್ಪನಿಗೆ ಮಾಡಿದ ಹಾಗೆ. ಮೌಸಿನ ಮೇಲೆ ಕೈ ಇಟ್ಟವಳು ಹಾಗೇ ತೆಗೆದೆ. ಅದು ತೀರಿಹೋದವರಿಗೆ ಮಾಡುವ ಕೆಲಸ. ನೀವು ಕೆಮ್ಮುತ್ತಿದ್ದರೂ ಇದ್ದೀರಿ.

ಈಗ ನಾನು ಮಾಡಿದ ಅಚಾತುರ್ಯ ಕೇಳಿ. ಹದ್ದುಗಳ ಜೋಡಿ ಒಂದೇ ಚೌಕಟ್ಟಿನಲ್ಲಿ ಸಿಗುವ ತನಕ ದ್ವೀಪ ಬಿಡುವುದಿಲ್ಲ ಎಂದು ಬರೆದಿದ್ದೀರಿ. ಒಂದು ಗೂಡಿಗೆ ಬಂದರೆ ಇನ್ನೊಂದು ಸಮುದ್ರದ ಮೇಲೆ, ಅದು ಬರುವಷ್ಟರಲ್ಲಿ ಇದು ಹೊರಟಿರುತ್ತದೆ ಎಂದಿದ್ದೀರಿ. ನಾನು ಕಾರ್ಡಿನಲ್ಲಿ ನೋಡಿದೆ. ಅದೇ ಗೂಡು, ಅದೇ ಮರ, ಒಂದರಲ್ಲಿ ಬಿಳಿ ಎದೆಯ ದೊಡ್ಡದು ಎಡಕ್ಕೆ ಕೂತಿದೆ, ಇನ್ನೊಂದರಲ್ಲಿ ಸ್ವಲ್ಪ ಸಣ್ಣದು ಬಲಕ್ಕೆ ಕೂತಿದೆ. ಬೆಳಕೂ ಒಂದೇ. ಇದಕ್ಕಾಗಿ ಮನುಷ್ಯ ಮನೆ ಬಿಟ್ಟು ಕೂತಿದ್ದಾರಲ್ಲ, ಚಹಾ ಆರುವಷ್ಟರಲ್ಲಿ ಆಗುವ ಕೆಲಸ ಎನಿಸಿತು. ಕೈ ಸುಮ್ಮನಿರಲಿಲ್ಲ. ಎರಡನ್ನೂ ಕೂಡಿಸಿಬಿಟ್ಟೆ. ನಾನು ಮಾಡಿದ್ದು ಎಂದು ಹೇಳಬಾರದು, ಆದರೆ ಎಲ್ಲಿ ಕೂಡಿದೆ ಎಂದು ನನಗೇ ಕಾಣಲಿಲ್ಲ. ಪ್ರಿಂಟೂ ಹಾಕಿದೆ. ಅದನ್ನೇ ಈ ಪತ್ರದ ಜೊತೆ ಕಳಿಸಿ, ತಗೊಳ್ಳಿ ನಿಮ್ಮ ಜೋಡಿ, ಇನ್ನು ಮನೆಗೆ ಬನ್ನಿ ಎಂದು ಬರೆಯುವ ವಿಚಾರ ಇತ್ತು. ಅಷ್ಟರಲ್ಲಿ ನೀವು ಬೈದದ್ದು ನೆನಪಾಯಿತು. ಹಿಪ್ಪರಗಿಯ ಕೊಕ್ಕರೆಯ ಕಾಲಿಗೆ ಸಿಕ್ಕಿಕೊಂಡಿದ್ದ ಬಲೆಯ ದಾರವನ್ನು ನಾನು, ಮದುಮಗಳ ಮೊಡವೆ ತೆಗೆದ ಹಾಗೆ, ಅಳಿಸಿದ್ದಕ್ಕೆ ‘ಹಕ್ಕಿಗೆ ಕೈ ಹಚ್ಚಬ್ಯಾಡ ಶೇವಂತಿ. ಅದು ಹೆಂಗ ಐತಿ ಹಂಗ ಇರಲಿ. ಮಂದೀದು ಬ್ಯಾರೆ’ ಎಂದಿದ್ದಿರಿ. ಪ್ರಿಂಟನ್ನು ಹರಿಯಬೇಕೆಂದು ಎದ್ದೆ. ಆದರೆ ಅದು ಮೇಜಿನ ಮೇಲೆ ಇರಲಿಲ್ಲ.

ಸ್ನೇಹಾ ಒಯ್ದು ಅಜ್ಜಿಗೆ ತೋರಿಸಿದ್ದಳು. ನಾನು ಹೋಗುವಷ್ಟರಲ್ಲಿ ಅತ್ತೆಯವರು ಹಾಳೆಯನ್ನು ಎಡದಿಂದ ಬಲಕ್ಕೆ ಸರಿಸಿ ಮುಗಿಸಿದ್ದರು. ಮೊದಲು ಒಂದು ಹಕ್ಕಿ, ಆಮೇಲೆ ಇನ್ನೊಂದು. ಮತ್ತೆ ಹಿಂದಕ್ಕೆ ಸರಿಸಿದರು, ಮೊದಲಿನದು ಅಲ್ಲೇ ಇತ್ತು. ‘ಶೇವಂತಿ, ಎರಡೂ ಕೂಡಿದವಲ್ಲ! ಹಂಗಾರ ಅವಾ ಇನ್ನ ಬರ್ತಾನ’ ಎಂದರು. ನಿಮ್ಮ ಪತ್ರ ಓದಿ ಹೇಳಿದವಳು ನಾನೇ, ಜೋಡಿ ಸಿಕ್ಕರೆ ಬರುತ್ತಾರಂತೆ ಎಂದು. ಇದು ನಾನು ಕೂಡಿಸಿದ್ದು ಅತ್ತಿ ಎಂದು ಹೇಳಲು ಬಾಯಿ ತೆರೆದೆ. ಅವರ ಮುಖ ನೋಡಿ ಮುಚ್ಚಿದೆ. ಈಗ ಓಣಿಗೆಲ್ಲ ಹೇಳಿದ್ದಾರೆ. ಎದುರುಮನೆಯ ಬೋರವ್ವ ಬಂದು ‘ಹದ್ದ ಕೂಡಿದವಂತಲ್ಲ, ಮಾಂತೇಶ ಯಾವತ್ತ ಬರ್ತಾನ?’ ಎಂದು ಕೇಳಿದಳು. ಸಂಕ್ರಾಂತಿಯ ದಿನದ ಕುರ್ಚಿಯನ್ನು ಅತ್ತೆಯವರು ಒಳಗೆ ಇಡಗೊಟ್ಟಿಲ್ಲ. ಲಾರಿಯ ಸಪ್ಪಳ ಆದರೆ ಸಾಕು, ಎದ್ದು ಬಾಗಿಲಿಗೆ ಹೋಗುತ್ತಾರೆ. ಹೊಸ್ತಿಲು ಎಡವಿ ಬಿದ್ದಾರು ಎಂದು ನಾನು ಕೆಲಸ ಬಿಟ್ಟು ಹಿಂದೆ ಓಡುತ್ತೇನೆ. ನಮ್ಮ ರಸ್ತೆಯಲ್ಲಿ ಲಾರಿಗೇನು ಕಡಿಮೆಯೇ, ಕಬ್ಬಿನ ಹಂಗಾಮು.

ಸಿಟ್ಟಿನಿಂದ ಬರೆಯುತ್ತಿಲ್ಲ, ಸಿಟ್ಟು ಮಾಡಲು ಶಕ್ತಿಯೂ ಬೇಕು. ಸುಮ್ಮನೆ ಒಂದು ಮಾತು ತಲೆಯಲ್ಲಿ ತಿರುಗುತ್ತಿದೆ. ಎರಡು ಹದ್ದು ಖರೆಖರೆ ಒಂದೇ ಕಡೆ ಕೂಡಬೇಕು, ಕೂಡಿಸಿದ್ದು ನಡೆಯುವುದಿಲ್ಲ ಎಂದು ನೀವು ಬಿಸಿಲಲ್ಲಿ ಕೂತು ಕಾಯುತ್ತೀರಿ. ನಮ್ಮ ಜೊತೆ ಮಾತ್ರ ನಿಮ್ಮನ್ನು ಅಂಟಿಸಿದರೆ ನಡೆಯುತ್ತದೆ. ಇಷ್ಟು ದಿನ ನನಗೂ ನಡೆದಿತ್ತು, ಅಂಟಿಸಿದವಳು ನಾನೇ ಅಲ್ಲವೇ! ನಿಮ್ಮ ಕೆಲಸ ನಿಲ್ಲಲಿ ಎಂದು ನನಗಿಲ್ಲ. ಫೆಬ್ರವರಿ ಮುಗಿದರೆ ದ್ವೀಪಕ್ಕೆ ಪರವಾನಿಗೆ ಇಲ್ಲ ಎಂದು ಗೊತ್ತಿದೆ, ಇಂಥ ಅವಕಾಶ ನಮ್ಮಂಥವರಿಗೆ ಮತ್ತೆ ಬರುವುದಿಲ್ಲ ಎಂದೂ ಗೊತ್ತಿದೆ. ಎರಡೂ ಗೊತ್ತಿರುವುದಕ್ಕೇ ಈ ಪತ್ರ ಇಷ್ಟು ಉದ್ದ ಆಯಿತು. ಕೂಡಿಸಿದ ಹದ್ದಿನ ಚಿತ್ರವನ್ನು ಕಂಪ್ಯೂಟರಿನಿಂದ ಅಳಿಸಿದ್ದೇನೆ. ಪ್ರಿಂಟು ಅತ್ತೆಯವರ ಹತ್ತಿರವೇ ಇದೆ, ಕಸಿದುಕೊಳ್ಳಲು ಆಗಲಿಲ್ಲ.

ಕೆಮ್ಮಿಗೆ ಜೇಷ್ಠಮಧು ಮತ್ತು ಕಲ್ಲುಸಕ್ಕರೆ ಕಳಿಸಿದ್ದೇನೆ. ಬೇರೆ ಪೊಟ್ಟಣದಲ್ಲಿ ಕುಸುರೆಳ್ಳು ಇದೆ, ಜೊತೆಗೆ ಇರುವವರಿಗೂ ಕೊಡಿ, ದೋಣಿಯವರಿಗೆ ಮರೆಯಬೇಡಿ. ಅತ್ತೆಯವರ ಆಶೀರ್ವಾದ. ವೀರಣ್ಣ, ಕಾವೇರಿಯ ನಮಸ್ಕಾರ. ಸ್ನೇಹಾ ತನಗೆ ಕಪ್ಪೆಚಿಪ್ಪು ತರಬೇಕೆಂದು ಹೇಳಿದ್ದಾಳೆ. ಹುಡುಕಲು ನೀರಿಗೆ ಇಳಿಯಬೇಡಿ, ದಂಡೆಯ ಮೇಲೆ ಬಿದ್ದದ್ದು ಸಾಕು.

ನಿಮ್ಮ ದಾರಿ ನೋಡುವ
ಶೇವಂತಿ

ತಾ.ಕ.: ತುಕಾರಾಮಣ್ಣ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ‘ಅವಗ ಹೇಳಿದರ ನನ್ನ ಆಣಿ ಐತಿ’ ಎಂದು ಅತ್ತೆಯವರು ಕಟ್ಟಿಹಾಕಿದ್ದರು, ನಾನು ಮುರಿಯುತ್ತಿದ್ದೇನೆ. ಸಂಕ್ರಾಂತಿಗೆ ಮುಂಚೆ ಅವರನ್ನು ಮಿರಜದ ಕಣ್ಣಿನ ದವಾಖಾನೆಗೆ ಕರೆದುಕೊಂಡು ಹೋಗಿದ್ದೆವು. ಬಲಗಣ್ಣು ಪೂರ್ತಿ ಹೋಗಿದೆ. ಎಡಗಣ್ಣು ಸುತ್ತಲಿಂದ ಮುಚ್ಚುತ್ತ ನಡುವಿಗೆ ಬರುತ್ತಿದೆ. ಪೊರೆ ಆಗಿದ್ದರೆ ತೆಗೆಯಬಹುದಿತ್ತು, ಇದು ನರದ್ದು, ಹೋದದ್ದು ಬರುವುದಿಲ್ಲ ಎಂದರು ಡಾಕ್ಟರು. ಹನಿ ಹಾಕುತ್ತಿದ್ದೇನೆ. ಆದರೂ ಇದ್ದ ನೋಟ ಶಿವರಾತ್ರಿಯ ತನಕ ಉಳಿದರೆ ಹೆಚ್ಚಂತೆ. ಎರಡು ದಿನಕ್ಕಾದರೂ ಬಂದು ಆ ಕುರ್ಚಿಯಲ್ಲಿ ಕೂತು ಹೋಗಿ, ಹದ್ದು ಆಮೇಲೂ ಇರುತ್ತವೆ. ಬರುವಾಗ ಆ ನೀಲಿ ಅಂಗಿ ಮಾತ್ರ ಹಾಕಿಕೊಂಡು ಬರಬೇಡಿ. ಅತ್ತೆಯವರು ಅಂಟಿಸಿದ್ದು ಅಂದುಕೊಂಡಾರು.